ನಗರಸಭೆಯ ಒಪ್ಪಂದ ಯಾರೊಂದಿಗೆ?



ನಗರಸಭೆಯ ಸಾಮಾನ್ಯ ಸಭೆ ಎಂದರೆ ನಮಗೆ ನೆನಪಾಗುವುದು ರಸ್ತೆಯ ಗುಂಡಿ, ಬೀದಿದೀಪ, ಕುಡಿಯುವ ನೀರು, ಮಳಿಗೆಗಳ ಹರಾಜು. ಮರುದಿನ ಪತ್ರಿಕೆಯಲ್ಲಿ ಬರುವುದೂ ಇವುಗಳ ಸುದ್ದಿಯೇ. ಇವುಗಳ ನಡುವೆ ಕಾರ್ಯಸೂಚಿಯಲ್ಲಿ ಆಗಾಗ ಇನ್ನೊಂದು ವಿಷಯ ಇರುತ್ತದೆ. ನೈರ್ಮಲ್ಯ ಕೆಲಸಕ್ಕೆ ಹೊರಗುತ್ತಿಗೆಯಲ್ಲಿ ಜನರನ್ನು ಪಡೆಯಲು ಟೆಂಡರ್ ಕರೆಯುವುದು ಅಥವಾ ಇರುವ ಗುತ್ತಿಗೆಯನ್ನು ಮುಂದುವರಿಸುವುದು. ಇದಕ್ಕೆ ಚರ್ಚೆ ಕಡಿಮೆ. ವಿಷಯ ಓದುತ್ತಾರೆ, ಒಪ್ಪಿಗೆ ಕೊಡುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ.

ಇವತ್ತು ನಾನು ಮಾತಾಡುವುದು ಆ ಒಂದು ವಿಷಯದ ಬಗ್ಗೆ ಮಾತ್ರ. ನಮ್ಮ ಊರನ್ನು ಗುಡಿಸುವವರಿದ್ದಾರೆ. ಕಸ ಎತ್ತುವವರಿದ್ದಾರೆ. ಚರಂಡಿಯ ಹೂಳು ತೆಗೆಯುವವರಿದ್ದಾರೆ. ಇವರ ದುಡಿಮೆಗಾಗಿ ನಗರಸಭೆ ಒಪ್ಪಂದ ಮಾಡಿಕೊಳ್ಳುತ್ತದೆ. ಆ ಒಪ್ಪಂದ ಯಾರೊಂದಿಗೆ ಆಗುತ್ತದೆ? ಅದರಲ್ಲಿ ಏನಿರಬೇಕು?

ನಾನು ಒಂದು ಪಟ್ಟಣದ ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ಹಲವು ವರ್ಷ ಲೆಕ್ಕಪತ್ರ ನೋಡಿದವನು. ಬಿಲ್ಲು ಪಾಸು ಮಾಡುವ ಮೇಜು ಅದು. ಬಿಲ್ಲು ತಡವಾದರೆ ಯಾರ ಮನೆಯಲ್ಲಿ ಏನಾಗುತ್ತದೆ ಎಂಬುದು ಆ ಮೇಜಿನ ಮುಂದೆ ಬಂದು ನಿಂತವರಿಂದಲೇ ತಿಳಿಯುತ್ತಿತ್ತು.

ಮೊದಲು ಊರನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಮಡಿಕೇರಿಯನ್ನೇ ತೆಗೆದುಕೊಳ್ಳಿ. 23 ವಾರ್ಡುಗಳ ಊರು. 2011ರ ಜನಗಣತಿಯಂತೆ ಸುಮಾರು 33,000 ಜನ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ. ಸಮತಟ್ಟಾದ ಬೀದಿ ಇಲ್ಲಿ ಅಪರೂಪ. ಒಂದು ರಸ್ತೆ ಏರಿದರೆ ಇನ್ನೊಂದು ಇಳಿಯುತ್ತದೆ. ತುಂಬಿದ ತಳ್ಳುಗಾಡಿಯನ್ನು ಏರಿನಲ್ಲಿ ತಳ್ಳಬೇಕು. ಇಳಿಜಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸುವುದು ಇನ್ನೂ ಕಷ್ಟ. ಆಟೋ ಟಿಪ್ಪರ್ ಹೋಗದ ಓಣಿಗಳಲ್ಲಿ ಕಸವನ್ನು ಕೈಯಲ್ಲೇ ಹೊತ್ತು ತರಬೇಕು.

ಬೆಳಿಗ್ಗೆ ಆರು ಗಂಟೆ. ಜುಲೈ ತಿಂಗಳು. ಮಂಜು ಕವಿದಿದೆ, ಬೆಳಕು ಸರಿಯಾಗಿ ಹರಿದಿಲ್ಲ. ಚೌಕಿಯ ಹತ್ತಿರ, ಮಹದೇವಪೇಟೆಯಲ್ಲಿ, ಕಾಲೇಜು ರಸ್ತೆಯಲ್ಲಿ ಪೊರಕೆಯ ಸದ್ದು ಕೇಳುತ್ತದೆ. ಒದ್ದೆಯಾದ ಎಲೆ ರಸ್ತೆಗೆ ಅಂಟಿಕೊಂಡಿರುತ್ತದೆ. ಒಂದು ಸಲ ಗುಡಿಸಿದರೆ ಬರುವುದಿಲ್ಲ, ಕೆರೆದು ಎಬ್ಬಿಸಬೇಕು. ಶುಕ್ರವಾರದ ಸಂತೆ ಮುಗಿದ ಮೇಲೆ ಕೊಳೆತ ತರಕಾರಿ, ಬಾಳೆ ಎಲೆ, ಪ್ಲಾಸ್ಟಿಕ್ ಎಲ್ಲ ನೀರಿನಲ್ಲಿ ನೆನೆದು ಎರಡರಷ್ಟು ತೂಕವಾಗಿರುತ್ತವೆ. ಮಡಿಕೇರಿ ದಸರಾದ ರಾತ್ರಿ ದಶಮಂಟಪಗಳ ಶೋಭಾಯಾತ್ರೆ ಬೆಳಗಿನ ಜಾವದವರೆಗೆ ನಡೆಯುತ್ತದೆ. ಜನ ಮನೆಗೆ ಹೋಗಿ ಮಲಗುವ ಹೊತ್ತಿಗೆ ಇವರು ಬೀದಿಗೆ ಇಳಿಯುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ರಸ್ತೆಗಳೇ ಇಲ್ಲವಾದಾಗ, 2020ರಲ್ಲಿ ಕೊರೊನಾ ಬಂದು ಎಲ್ಲರೂ ಬಾಗಿಲು ಹಾಕಿಕೊಂಡಾಗ, ಈ ಕೆಲಸಕ್ಕೆ ರಜೆ ಇರಲಿಲ್ಲ.

ಇದು ಕೆಲಸ. ಈ ಕೆಲಸ ಮಾಡುವವರು ನಗರಸಭೆಯ ಲೆಕ್ಕದಲ್ಲಿ ಒಂದೇ ಬಗೆಯವರಲ್ಲ. ಮೂರು ಬಗೆಯವರಿದ್ದಾರೆ. ಒಬ್ಬರು ಖಾಯಂ ನೌಕರರು. ಅವರಿಗೆ ವೇತನಶ್ರೇಣಿ ಇದೆ, ರಜೆ ಇದೆ, ಸೇವಾ ಪುಸ್ತಕ ಇದೆ. ಇನ್ನೊಬ್ಬರು ನೇರ ಪಾವತಿಯವರು. ಖಾಯಂ ಆಗಿಲ್ಲ, ಆದರೆ ಸಂಬಳ ನಗರಸಭೆಯಿಂದಲೇ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಮೂರನೆಯವರು ಹೊರಗುತ್ತಿಗೆಯವರು. ಅವರ ಸಂಬಳ ಗುತ್ತಿಗೆದಾರರ ಕೈಯಿಂದ ಬರಬೇಕು. ಒಂದೇ ಗಾಡಿಯಲ್ಲಿ ಈ ಮೂವರೂ ಇರಬಹುದು. ಓಡಿಸುವ ಚಾಲಕ ಒಂದು ಬಗೆ, ಕಸ ತುಂಬುವ ಲೋಡರ್ ಇನ್ನೊಂದು ಬಗೆ, ಮುಂದೆ ಗುಡಿಸುತ್ತ ಹೋಗುವ ಅಕ್ಕ ಮತ್ತೊಂದು ಬಗೆ. ನೆನೆಯುವುದು ಒಂದೇ ಮಳೆಯಲ್ಲಿ. ತಿಂಗಳ ಕೊನೆಗೆ ಕೈಗೆ ಬರುವುದು ಬೇರೆ ಬೇರೆ.

ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಆಗ ಸೇರಿದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳ ಕೆಲಸಗಳ ಪಟ್ಟಿ ಇದೆ. ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಘನತ್ಯಾಜ್ಯ ನಿರ್ವಹಣೆ ಆ ಪಟ್ಟಿಯಲ್ಲಿವೆ. ಅಂದರೆ ಊರು ಗುಡಿಸುವುದು ನಗರಸಭೆಯ ಮೂಲ ಕರ್ತವ್ಯ. ನಗರಸಭೆ ಇರುವುದೇ ಇಂಥ ಕೆಲಸಕ್ಕಾಗಿ. ಆ ಮೂಲ ಕೆಲಸವನ್ನು ಮಾಡುವವರನ್ನೇ ನಗರಸಭೆ ತನ್ನವರಲ್ಲ ಎಂದು ಹೇಳುವ ಸ್ಥಿತಿ ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೇಳುಗರೇ, ಇಷ್ಟು ಹೇಳಿದೆ: ಕೆಲಸ ಒಂದೇ, ಮಾಡುವವರು ಮೂರು ಬಗೆ. ಈಗ ಒಪ್ಪಂದದ ಕಾಗದಕ್ಕೆ ಬರೋಣ.

ಹೊರಗುತ್ತಿಗೆಯ ಒಪ್ಪಂದದಲ್ಲಿ ಎರಡು ಸಹಿಗಳಿರುತ್ತವೆ. ನಗರಸಭೆಯ ಪರವಾಗಿ ಆಯುಕ್ತರದು. ಇನ್ನೊಂದು ಕಡೆ ಗುತ್ತಿಗೆದಾರರದು. ಕೆಲಸ ಮಾಡುವವರ ಸಹಿ ಇಲ್ಲ. ಅವರ ಪರವಾಗಿ ಯಾರ ಸಹಿಯೂ ಇಲ್ಲ. ಒಪ್ಪಂದದ ಪ್ರತಿ ಅವರಿಗೆ ಸಿಗುವುದಿಲ್ಲ. ತಮಗೆ ತಿಂಗಳಿಗೆ ಎಷ್ಟು ಬರಬೇಕು ಎಂದು ಅದರಲ್ಲಿ ಬರೆದಿದೆ ಎಂಬುದೂ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಲೆಕ್ಕಕ್ಕೆ ಸುಲಭವಾಗಲಿ ಎಂದು ಸಂಬಳ 15,000 ರೂಪಾಯಿ ಎಂದು ಇಟ್ಟುಕೊಳ್ಳಿ. ಭವಿಷ್ಯನಿಧಿಗೆ, ನಾವು ಪಿಎಫ್ ಅನ್ನುತ್ತೇವಲ್ಲ, ಅದಕ್ಕೆ ಕಾರ್ಮಿಕರ ಪಾಲು ಶೇಕಡಾ 12. ಅಂದರೆ 1,800 ರೂಪಾಯಿ. ಮಾಲೀಕರ ಪಾಲೂ ಅಷ್ಟೇ. ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐಗೆ ಎರಡೂ ಕಡೆಯಿಂದ ಸೇರಿ ಶೇಕಡಾ 4. ಅಂದರೆ 600 ರೂಪಾಯಿ. ಒಟ್ಟು ತಿಂಗಳಿಗೆ ಸುಮಾರು 4,200 ರೂಪಾಯಿ ಆ ಕಾರ್ಮಿಕರ ಹೆಸರಿನಲ್ಲಿ ಜಮೆಯಾಗಬೇಕು. ವರ್ಷಕ್ಕೆ ಸುಮಾರು 50,000. ಮೂವತ್ತು ಜನ ಇದ್ದರೆ 15 ಲಕ್ಷ. ಈ ಹಣದಲ್ಲಿ ಒಂದು ಭಾಗ ಅವರ ಸಂಬಳದಿಂದಲೇ ಕಡಿತವಾದದ್ದು. ಉಳಿದದ್ದು ನಮ್ಮ ತೆರಿಗೆಯಿಂದ ನಗರಸಭೆ ಗುತ್ತಿಗೆದಾರರಿಗೆ ಕೊಟ್ಟದ್ದು. ಅದು ಪಿಎಫ್ ಕಚೇರಿ ತಲುಪಿತೇ? ಇಎಸ್‌ಐ ಕಾರ್ಡು ಮನೆಗೆ ಬಂತೇ? ಪ್ರತಿ ತಿಂಗಳೂ ಇದನ್ನು ನೋಡಬೇಕಾದವರು ಬಿಲ್ಲು ಪಾಸು ಮಾಡುವವರು.

ನೋಡುವ ಪದ್ಧತಿ ಇದೆ. ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್ ಲಗತ್ತಿಸಿದರೆ ಮಾತ್ರ ಈ ತಿಂಗಳ ಬಿಲ್ಲು. ಒಳ್ಳೆಯ ಪದ್ಧತಿ. ಆದರೆ ಒಂದು ತಿಂಗಳು ಏನೋ ತಡವಾಯಿತು ಎಂದುಕೊಳ್ಳಿ. ಬಿಲ್ಲು ಬಂದರೆ ಚಲನ್ ಕಟ್ಟುತ್ತೇನೆ ಎನ್ನುತ್ತಾರೆ ಗುತ್ತಿಗೆದಾರರು. ಚಲನ್ ಕೊಟ್ಟರೆ ಬಿಲ್ಲು ಎನ್ನುತ್ತದೆ ಕಚೇರಿ. ಎರಡೂ ಮಾತು ಕಾಗದದ ಮೇಲೆ ಸರಿಯೇ. ನಡುವೆ ಸಂಬಳ ನಿಲ್ಲುತ್ತದೆ.

ನಾನು ಕೆಲಸ ಮಾಡುತ್ತಿದ್ದ ಪಟ್ಟಣದಲ್ಲಿ ಹೀಗೇ ಆಯಿತು. ಮಳೆಗಾಲ. ತಿಂಗಳು ಅರ್ಧ ಕಳೆದಿತ್ತು. ಒಬ್ಬ ಹೆಂಗಸು ಮೇಜಿನ ಮುಂದೆ ಬಂದು ನಿಂತರು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ಸಾರ್, ಬಟವಾಡೆ ಯಾವತ್ತು ಅಂತ ಒಂದು ತಾರೀಕು ಹೇಳಿ. ಅಂಗಡಿಯವರಿಗೆ ನಾನೊಂದು ತಾರೀಕು ಹೇಳಬೇಕು" ಎಂದರು. ಪಕ್ಕದ ಗುಮಾಸ್ತರು "ಅಕ್ಕಾ, ಗುತ್ತಿಗೆದಾರರನ್ನ ಕೇಳಿ" ಎಂದರು. "ಅವರು ನಿಮ್ಮನ್ನ ಕೇಳಿ ಅಂದ್ರು" ಎಂದರು ಆಕೆ. ಅವರು ಸಂಬಳ ಹೆಚ್ಚು ಮಾಡಿ ಎಂದು ಕೇಳಿರಲಿಲ್ಲ. ಕೇಳಿದ್ದು ಒಂದು ತಾರೀಕನ್ನು ಮಾತ್ರ. ಅದನ್ನು ಕೊಡಲು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಕಾನೂನು ಈ ತಾರೀಕನ್ನು ಬಹಳ ಹಿಂದೆಯೇ ಬರೆದಿಟ್ಟಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿ ಸಾವಿರಕ್ಕಿಂತ ಕಡಿಮೆ ಜನ ದುಡಿಯುವ ಕಡೆ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಸಂಬಳ ಕೊಡಬೇಕು ಎಂದಿತ್ತು. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಇನ್ನೂ ಮುಂದೆ ಹೋಯಿತು. ಗುತ್ತಿಗೆದಾರ ಸಂಬಳ ಬಟವಾಡೆ ಮಾಡುವಾಗ ಮೂಲ ಮಾಲೀಕನ ಪ್ರತಿನಿಧಿ ಎದುರಿಗೆ ಇರಬೇಕು ಎಂದಿತು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಇಲ್ಲಿ ಮೂಲ ಮಾಲೀಕ ಎಂದರೆ ನಗರಸಭೆ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಕಾರ್ಮಿಕ ಸಂಹಿತೆಯಲ್ಲೂ ಈ ಹೊಣೆ ಉಳಿದಿದೆ. ಹಾಗಾಗಿ "ಗುತ್ತಿಗೆದಾರರನ್ನು ಕೇಳಿ" ಎಂಬ ಉತ್ತರ ಯಾವ ಕಚೇರಿಯ ಬಾಯಲ್ಲೂ ಬರಬಾರದು.

ಇನ್ನೊಂದು ವಿಷಯ. ಟೆಂಡರಿನಲ್ಲಿ ಕಡಿಮೆ ದರ ಹಾಕಿದವರಿಗೆ ಕೆಲಸ. ಕನಿಷ್ಠ ವೇತನ ಸರ್ಕಾರದ್ದು, ಅದನ್ನು ಇಳಿಸುವ ಹಾಗಿಲ್ಲ. ಪಿಎಫ್ ಇಳಿಸುವ ಹಾಗಿಲ್ಲ. ಇಳಿಸಬಹುದಾದದ್ದು ಗುತ್ತಿಗೆದಾರರ ಸೇವಾ ಶುಲ್ಕ ಒಂದೇ. ಪೈಪೋಟಿಯಲ್ಲಿ ಅದು ತೀರ ಕೆಳಗೆ ಹೋದರೆ ಉಳಿತಾಯವನ್ನು ಅವರು ಬೇರೆಲ್ಲಿಂದಲಾದರೂ ಹುಡುಕಬೇಕಾಗುತ್ತದೆ. ಕೈಗವಸಿನಿಂದ, ಗಮ್‌ಬೂಟಿನಿಂದ, ಮಳೆಯಂಗಿಯಿಂದ, ವಾರದ ರಜೆಯಿಂದ. ಕಡಿಮೆ ದರ ಕಂಡಾಗ ಸಭೆಯಲ್ಲಿ ಸಂತೋಷಪಡುವ ಮೊದಲು ಇದನ್ನು ಯೋಚಿಸಬೇಕು.

ಇಲ್ಲಿಯವರೆಗೆ ಎರಡು ಮಾತು ಬಂತು. ಕೆಲಸ ಮಾಡುವವರು ಒಪ್ಪಂದದ ಹೊರಗಿದ್ದಾರೆ. ಸಂಬಳದ ಹೊಣೆ ಕಾನೂನಿನಂತೆ ನಗರಸಭೆಯದೇ. ಈ ಸ್ಥಿತಿಯನ್ನು ಬದಲಾಯಿಸಲು ನಮ್ಮ ರಾಜ್ಯದಲ್ಲಿ ಏನೂ ನಡೆದಿಲ್ಲವೇ? ನಡೆದಿದೆ. ನಿಧಾನವಾಗಿ, ಬಹಳ ನೋವು ತಿಂದ ಮೇಲೆ ನಡೆದಿದೆ.

1970ರ ದಶಕದ ಮೊದಲ ವರ್ಷಗಳಲ್ಲಿ ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1976ರಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿಯ ವರದಿ ಬಂತು. ಪೌರಕಾರ್ಮಿಕರ ಬದುಕನ್ನು ಕುರಿತ ವರದಿ ಅದು. ಈ ಕೆಲಸದಲ್ಲಿರುವ ಬಹುಪಾಲು ಜನ ಪರಿಶಿಷ್ಟ ಜಾತಿಗಳವರು. ತಲೆಮಾರುಗಳಿಂದ ಇದೇ ಕೆಲಸಕ್ಕೆ ಕಟ್ಟಿಹಾಕಿಸಿಕೊಂಡವರು. ಈ ಮಾತನ್ನು ಬಿಟ್ಟು ಸಂಬಳ, ರಜೆ ಎಂದು ಮಾತ್ರ ಲೆಕ್ಕ ಹಾಕಿದರೆ ಆ ಲೆಕ್ಕ ಪೂರ್ತಿಯಾಗುವುದಿಲ್ಲ. 500 ಜನರಿಗೆ ಒಬ್ಬ ಪೌರಕಾರ್ಮಿಕರಿರಬೇಕು ಎಂದು ಆ ವರದಿ ಹೇಳಿತು. ಮುಂದೆ ಸರ್ಕಾರ ಒಪ್ಪಿಕೊಂಡದ್ದು 700 ಜನರಿಗೆ ಒಬ್ಬರು ಎಂಬ ಲೆಕ್ಕವನ್ನು.

2016ರಲ್ಲಿ ಪೌರಕಾರ್ಮಿಕರ ಕನಿಷ್ಠ ವೇತನ ಸುಮಾರು 14,000 ರೂಪಾಯಿಗೆ ಏರಿತು. 2017ರಲ್ಲಿ ಗುತ್ತಿಗೆ ಬಿಟ್ಟು ನೇರ ಪಾವತಿಗೆ ಹೋಗುವ ತೀರ್ಮಾನವಾಯಿತು. 2022ರ ಜುಲೈ ಮೊದಲ ವಾರದಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರಕ್ಕೆ ಕೂತರು. ಕೆಲವೇ ದಿನಗಳಲ್ಲಿ ಸರ್ಕಾರ ಮಾತುಕತೆಗೆ ಬಂತು. ಅದೇ ಸೆಪ್ಟೆಂಬರ್‌ನಲ್ಲಿ 11,000ಕ್ಕೂ ಹೆಚ್ಚು ಪೌರಕಾರ್ಮಿಕರನ್ನು ಮೊದಲ ಹಂತದಲ್ಲಿ ಖಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. 17,000ದಿಂದ ಸುಮಾರು 29,000 ರೂಪಾಯಿವರೆಗಿನ ವೇತನಶ್ರೇಣಿ.

ಇದು ದೊಡ್ಡ ಹೆಜ್ಜೆ. ಆದರೆ ಆ ಹೆಜ್ಜೆ ಗುಡಿಸುವವರ ತನಕ ಬಂತು. ಗಾಡಿ ಓಡಿಸುವ ಚಾಲಕರು, ಕಸ ತುಂಬುವ ಲೋಡರ್‌ಗಳು, ಒಳಚರಂಡಿಯ ಕೆಲಸದವರು, ನೀರು ಬಿಡುವವರು, ಇವರಲ್ಲಿ ಬಹಳ ಜನ ಹೊರಗುತ್ತಿಗೆಯಲ್ಲೇ ಉಳಿದರು. ಇವತ್ತು ಸಭೆಯ ಮುಂದೆ ಬರುವ ಒಪ್ಪಂದ ಹೆಚ್ಚಾಗಿ ಇವರದೇ.

ಖಾಯಂ ಮಾಡಲು ಕೋರ್ಟು ಅಡ್ಡ ಬರುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಅದಕ್ಕೆ ತೋರಿಸುವುದು 2006ರ ಉಮಾದೇವಿ ಪ್ರಕರಣದ ಸುಪ್ರೀಂ ಕೋರ್ಟಿನ ತೀರ್ಪನ್ನು. ಕರ್ನಾಟಕದಿಂದಲೇ ಹೋದ ಪ್ರಕರಣ. ಹಿಂಬಾಗಿಲಿನ ನೇಮಕಾತಿ ತಡೆಯುವುದು ಆ ತೀರ್ಪಿನ ಉದ್ದೇಶ. ಆದರೆ 2025ರ ಜನವರಿಯಲ್ಲಿ ಗಾಜಿಯಾಬಾದ್ ನಗರ ನಿಗಮದ ತೋಟಗಾರಿಕೆ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು. ವರ್ಷಗಟ್ಟಲೆ ಖಾಯಂ ಸ್ವರೂಪದ ಕೆಲಸ ಮಾಡಿಸಿಕೊಂಡು, ಉಮಾದೇವಿ ತೀರ್ಪನ್ನು ಮುಂದೆ ಮಾಡಿ ಜನರನ್ನು ಶೋಷಿಸುವ ಹಾಗಿಲ್ಲ ಎಂದು. ಇದು ಪ್ರತಿ ನಗರಸಭೆಯ ಸದಸ್ಯರಿಗೂ ತಿಳಿದಿರಬೇಕಾದ ತೀರ್ಪು.

ಸರಿ. ರಾಜ್ಯದಲ್ಲಿ ನಡೆದದ್ದನ್ನು ನೋಡಿದೆವು. ಈಗ ದೂರದ ಒಂದು ಊರಿಗೆ ಹೋಗೋಣ. ಅಲ್ಲಿಯೂ ಮಳೆ, ಕಸದ ಲಾರಿ, ಒಂದು ನಗರಸಭೆ. ಅಮೆರಿಕದ ದಕ್ಷಿಣದ ಮೆಂಫಿಸ್ ನಗರ. 1968ರ ಫೆಬ್ರವರಿ 1.

ಆ ದಿನ ಜೋರು ಮಳೆ. ಎಕೊಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಕಸ ಎತ್ತುವ ಕಪ್ಪು ಕಾರ್ಮಿಕರು ಮಳೆಯಿಂದ ತಪ್ಪಿಸಿಕೊಳ್ಳಲು ಲಾರಿಯ ಹಿಂಭಾಗದೊಳಗೆ ನಿಂತರು. ಕಸವನ್ನು ಒತ್ತಿ ಹಿಂಡುವ ಯಂತ್ರವಿದ್ದ ಜಾಗ ಅದು. ಯಂತ್ರ ಇದ್ದಕ್ಕಿದ್ದಂತೆ ಚಾಲೂ ಆಯಿತು. ಇಬ್ಬರೂ ಅಲ್ಲೇ ಸತ್ತರು. ಅದೇ ವಾರದಲ್ಲಿ ಇನ್ನೊಂದು ಘಟನೆ ನಡೆದಿತ್ತು. ಮಳೆ ಬಂತೆಂದು ಕಪ್ಪು ಕಾರ್ಮಿಕರನ್ನು ಪೂರ್ತಿ ದಿನದ ಸಂಬಳ ಕೊಡದೆ ಮನೆಗೆ ಕಳಿಸಿದ್ದರು. ಬಿಳಿಯ ಮೇಲ್ವಿಚಾರಕರಿಗೆ ಮಾತ್ರ ಪೂರ್ತಿ ಸಂಬಳ. ಫೆಬ್ರವರಿ 12ರಂದು ಸುಮಾರು 1,300 ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರು ಕೇಳಿದ್ದು ಒಂದು ಲಿಖಿತ ಒಪ್ಪಂದ. ನಮ್ಮ ಸಂಘವನ್ನು ಒಪ್ಪಿಕೊಳ್ಳಿ, ನಮ್ಮ ಜೊತೆ ಕೂತು ಬರೆಯಿರಿ ಎಂದರು. ಮೇಯರ್ ಹೆನ್ರಿ ಲೋಬ್ ಒಪ್ಪಲಿಲ್ಲ. ನಗರ ಪರಿಷತ್ತೂ ಮೊದಲು ಹಿಂಜರಿಯಿತು. ಮಾರ್ಟಿನ್ ಲೂಥರ್ ಕಿಂಗ್ ಆ ಊರಿಗೆ ಬಂದದ್ದು ಈ ಕಾರ್ಮಿಕರ ಪರವಾಗಿ. ಏಪ್ರಿಲ್ 4ರಂದು ಅಲ್ಲೇ ಅವರ ಕೊಲೆಯಾಯಿತು. ಏಪ್ರಿಲ್ 16ರಂದು ಒಪ್ಪಂದವಾಯಿತು. ಸಂಘಕ್ಕೆ ಮಾನ್ಯತೆ, ಕೂಲಿ ಹೆಚ್ಚಳ, ದೂರು ಹೇಳಿಕೊಳ್ಳಲು ಒಂದು ಕ್ರಮ.

ಆ ಕೂಲಿ ಹೆಚ್ಚಳ ಗಂಟೆಗೆ ಕೆಲವೇ ಸೆಂಟುಗಳದ್ದು. ಫೆಬ್ರವರಿಯಲ್ಲೇ ಪರಿಷತ್ತು ಒಂದು ಸಂಜೆ ಕೂತು ಒಪ್ಪಬಹುದಾಗಿದ್ದ ಷರತ್ತುಗಳು ಅವು. ಅಷ್ಟಕ್ಕೆ ಅಷ್ಟು ಜೀವ ಹೋಗಬೇಕಾಯಿತೇ ಎಂಬ ದುಃಖ ನನಗೆ ಈಗಲೂ ಇದೆ.

ಮೆಂಫಿಸ್ ದೂರವಾಯಿತು ಅನ್ನುವವರಿಗೆ ಕೊಡಗಿನದೇ ಉದಾಹರಣೆ ಇದೆ. ಮಳೆಯಲ್ಲಿ ದುಡಿಯುವವರ ಬಗ್ಗೆ ಕಾನೂನು ಬರೆಯುವುದು ನಮಗೆ ಹೊಸದಲ್ಲ. ಮಡಿಕೇರಿಯ ಪೇಟೆ ದಾಟಿದರೆ ಕಾಫಿ ತೋಟ. ದೊಡ್ಡ ತೋಟಗಳಿಗೆ ಅನ್ವಯಿಸುವಂತೆ 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು. ಲೈನ್‌ಮನೆ, ಕುಡಿಯುವ ನೀರು, ಶೌಚಾಲಯ, ಚಿಕಿತ್ಸೆ, ಮಕ್ಕಳನ್ನು ಬಿಟ್ಟು ಹೋಗಲು ಶಿಶುಗೃಹ, ಇವೆಲ್ಲ ಅದರಲ್ಲಿದ್ದವು. ಅದರ 17ನೇ ಕಲಂ ಓದಿದಾಗ ನನಗೆ ಬಹಳ ಸಂತೋಷವಾಗಿತ್ತು. ಮಳೆ ಮತ್ತು ಚಳಿಯಿಂದ ಕಾರ್ಮಿಕರನ್ನು ಕಾಪಾಡಲು ಕೊಡೆ, ಕಂಬಳಿ, ಮಳೆಯಂಗಿ ಕೊಡಿಸುವಂತೆ ರಾಜ್ಯ ಸರ್ಕಾರ ನಿಯಮ ಮಾಡಬಹುದು ಎಂದು ಅಲ್ಲಿ ಬರೆದಿತ್ತು. ಸಂಸತ್ತಿನಲ್ಲಿ ಕೂತವರು ಮಳೆಗಾಲದ ತೋಟವನ್ನು ನೆನೆದು ಬರೆದ ಸಾಲು ಅದು. ಎಲ್ಲ ತೋಟಗಳಲ್ಲೂ ಎಲ್ಲವೂ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಆದರೆ ಕೇಳಲು ಒಂದು ಕಲಂ ಇತ್ತು. ಕೇಳುವ ಸಂಘಗಳಿದ್ದವು. ಎದುರಿಗೆ ಕೂತು ಮಾತಾಡುವ ಮಾಲೀಕರ ಸಂಘವೂ ಇತ್ತು.

ಪಟ್ಟಣದಲ್ಲಿ ಕಸ ಎತ್ತುವವರ ಮಳೆಯಂಗಿ ದೇಶದ ನಿಯಮದಲ್ಲಿ ಕಾಣಿಸಿಕೊಂಡದ್ದು ಯಾವಾಗ ಗೊತ್ತೇ? 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ. ಸಮವಸ್ತ್ರ, ಹೊಳೆಯುವ ಜಾಕೆಟ್, ಕೈಗವಸು, ಮಳೆಯಂಗಿ, ಪಾದರಕ್ಷೆ, ಮಾಸ್ಕ್ ಕೊಡಿಸುವುದನ್ನು ಸ್ಥಳೀಯ ಸಂಸ್ಥೆ ಖಾತ್ರಿ ಮಾಡಬೇಕು ಎಂದು ಅಲ್ಲಿ ಹೇಳಿತ್ತು. ತೋಟದ ಕಾಯ್ದೆಗೂ ಇದಕ್ಕೂ ನಡುವೆ 65 ವರ್ಷ. ಅದೇ ಮಳೆ, ಅದೇ ಬೆಟ್ಟ.

ನಿಯಮ ಬಂದ ಮೇಲೂ ಮಳೆಯಂಗಿ ಹೆಗಲಿಗೆ ಬರಬೇಕಲ್ಲ. ನಾನಿದ್ದ ಪಟ್ಟಣದಲ್ಲಿ ಒಂದು ವರ್ಷ ಅದರ ಕಡತ ಬೇಸಿಗೆಯಲ್ಲೇ ಶುರುವಾಯಿತು. ದರಪಟ್ಟಿ ಕರೆಯುವುದು, ಹೋಲಿಸಿ ನೋಡುವುದು, ಅನುಮೋದನೆ, ಖರೀದಿ ಆದೇಶ, ಎಲ್ಲ ಕ್ರಮವಾಗಿ ನಡೆಯಿತು. ಸರಕು ಬಂದಾಗ ಮಳೆಗಾಲ ಮುಗಿದಿತ್ತು. ಅಳತೆಯೂ ಎಲ್ಲರಿಗೂ ಒಂದೇ. ಗಿಡ್ಡಗಿರುವ ಹೆಂಗಸರಿಗೆ ಅದು ಪಾದದ ತನಕ ಇಳಿದು, ಏರಿನಲ್ಲಿ ಗಾಡಿ ತಳ್ಳುವಾಗ ಕಾಲಿಗೆ ತೊಡರುತ್ತಿತ್ತು. ಗಂಡಸರ ಅಳತೆಯಲ್ಲಿ ಖರೀದಿಸಿದ್ದರು. ಬಳಸುವವರಲ್ಲಿ ಹೆಚ್ಚಿನವರು ಹೆಂಗಸರು. ಖರೀದಿ ಸಮಿತಿಯಲ್ಲಿ ಅವರಲ್ಲೊಬ್ಬರನ್ನು ಕೂರಿಸಿದ್ದರೆ ಮೊದಲ ದಿನವೇ ಇದನ್ನು ಹೇಳುತ್ತಿದ್ದರು.

ಕೇಳುಗರೇ, ಮೆಂಫಿಸ್ ನೋಡಿದೆವು, ನಮ್ಮ ತೋಟಗಳನ್ನು ನೋಡಿದೆವು. ಎರಡೂ ಕಡೆ ದುಡಿಯುವವರು ಒಪ್ಪಂದದ ಒಳಗೆ ಬಂದಾಗ ಮಾತ್ರ ಮಳೆಯ ಬಗ್ಗೆ, ಕೂಲಿಯ ಬಗ್ಗೆ ಮಾತು ಮುಂದೆ ಹೋಯಿತು. ಹಾಗಾದರೆ ನಮ್ಮ ನಗರಸಭೆಯ ಒಪ್ಪಂದದಲ್ಲಿ ಏನಿರಬೇಕು? ನನಗೆ ಮುಖ್ಯವೆನಿಸಿದ್ದನ್ನು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು ಸಂಬಳದ ತಾರೀಕು. ಇದಕ್ಕೆ ಒಂದು ಸರಳ ದಾರಿಯಿದೆ. ಕಾರ್ಮಿಕರ ಸಂಬಳವನ್ನು ನಗರಸಭೆಯೇ ನೇರವಾಗಿ ಅವರ ಖಾತೆಗೆ ಹಾಕಲಿ. ಪಿಎಫ್, ಇಎಸ್‌ಐ ಕೂಡ ತಾನೇ ಕಟ್ಟಲಿ. ಗುತ್ತಿಗೆದಾರರು ಬೇಕೇ ಬೇಕು ಎಂದಾದರೆ ಅವರಿಗೆ ಸೇವಾ ಶುಲ್ಕ ಮಾತ್ರ ಬೇರೆಯಾಗಿ ಕೊಡಲಿ. ಆಗ ಬಿಲ್ಲಿಗೆ ಚಲನ್, ಚಲನ್‌ಗೆ ಬಿಲ್ಲು ಎಂಬ ಸುತ್ತಾಟ ನಿಲ್ಲುತ್ತದೆ. ಹೀಗೆ ಲೆಕ್ಕ ಬಿಡಿಸಿದ ಮೇಲೆ ಗುತ್ತಿಗೆದಾರರು ಮಾಡುವ ಕೆಲಸ ಏನು ಉಳಿಯಿತು ಎಂಬ ಪ್ರಶ್ನೆ ಸದಸ್ಯರಿಗೇ ಹೊಳೆಯುತ್ತದೆ. ಆ ಪ್ರಶ್ನೆಯಿಂದ ಚಾಲಕರಿಗೆ, ಲೋಡರ್‌ಗಳಿಗೆ ನೇರ ಪಾವತಿ ಕೊಡಿ ಎಂದು ಸರ್ಕಾರಕ್ಕೆ ನಿರ್ಣಯ ಕಳಿಸುವುದು ದೂರದ ಮಾತಲ್ಲ. ಆ ನಿರ್ಣಯಕ್ಕೆ ಯಾವ ಸಭೆಯೂ ಹಿಂಜರಿಯಬೇಕಿಲ್ಲ.

ಎರಡನೆಯದು ಮಳೆ. ಮಳೆಯಂಗಿ, ಗಮ್‌ಬೂಟು ಮೇ ತಿಂಗಳು ಮುಗಿಯುವುದರೊಳಗೆ, ಅವರವರ ಅಳತೆಯಲ್ಲಿ. ಒಂದಲ್ಲ, ಎರಡು ಜೊತೆ. ಮಡಿಕೇರಿಯ ಜುಲೈಯಲ್ಲಿ ನೆನೆದ ಬಟ್ಟೆ ಮರುದಿನಕ್ಕೆ ಒಣಗುವುದಿಲ್ಲ ಎಂದು ಇಲ್ಲಿ ಬಟ್ಟೆ ಒಗೆದ ಎಲ್ಲರಿಗೂ ಗೊತ್ತು. ಬಟ್ಟೆ ಬದಲಿಸಲು, ಬಿಸಿನೀರಿನಲ್ಲಿ ಕೈಕಾಲು ತೊಳೆಯಲು, ಒಂದು ಲೋಟ ಚಹಾ ಕುಡಿಯಲು ಪೇಟೆಯ ನಡುವೆ ಒಂದು ಕೋಣೆ ಬೇಕು. ಹೆಂಗಸರಿಗೆ ಬೀಗ ಹಾಕಿರದ ಶೌಚಾಲಯ ಬೇಕು. ಬೆಳಿಗ್ಗೆ ಆರರಿಂದ ಊರಿಡೀ ಗುಡಿಸುವವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಅದು ಏಕೆಂದು ನಾವು ಕೇಳುವುದಿಲ್ಲ. ಗುಡುಗು ಸಿಡಿಲು ಇದ್ದಾಗ, ಗುಡ್ಡ ಜರಿಯುವ ಮುನ್ನೆಚ್ಚರಿಕೆ ಇದ್ದಾಗ ಕೆಲಸ ನಿಲ್ಲಿಸುವ ಹಕ್ಕು, ನಿಲ್ಲಿಸಿದರೂ ಆ ದಿನದ ಸಂಬಳ, ಇದನ್ನು ಕಾಗದದಲ್ಲಿ ಬರೆಯಬೇಕು.

ಮೂರನೆಯದು ಜನರ ಸಂಖ್ಯೆ. 700 ಜನರಿಗೆ ಒಬ್ಬರು ಎಂಬ ಲೆಕ್ಕದಲ್ಲಿ 33,000 ಜನಸಂಖ್ಯೆಯ ಮಡಿಕೇರಿಗೆ 47 ಪೌರಕಾರ್ಮಿಕರು. ಸಾಲಪ್ಪನವರ ಲೆಕ್ಕದಲ್ಲಿ 66. ಆದರೆ ಮಡಿಕೇರಿಯ ಕಸ ಮಡಿಕೇರಿಯವರದಷ್ಟೇ ಅಲ್ಲ. ಕೊಡಗು ಜಿಲ್ಲೆಯ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ವರ್ಷಕ್ಕೆ ಇಲ್ಲಿಗೆ ಬರುವ ಪ್ರವಾಸಿಗರು ಅದಕ್ಕಿಂತ ಎಷ್ಟೋ ಹೆಚ್ಚು. ಶನಿವಾರ, ಭಾನುವಾರ ರಾಜಾಸೀಟ್ ಉದ್ಯಾನದ ಸುತ್ತ ನಿಲ್ಲಲು ಜಾಗವಿರುವುದಿಲ್ಲ. ಸೋಮವಾರ ಬೆಳಿಗ್ಗೆ ಬಾಟಲಿ, ತಟ್ಟೆ, ಚೀಲಗಳನ್ನು ಆರಿಸಿ ಸ್ಟುವರ್ಟ್ ಹಿಲ್‌ನ ಕಸ ವಿಲೇವಾರಿ ಜಾಗಕ್ಕೆ ಹೋಗುವ ಗಾಡಿಗೆ ತುಂಬುವವರು ಆ 47ರ ಲೆಕ್ಕದವರೇ. ವಾರದ ರಜೆ ಭಾನುವಾರ ಸಿಗದು, ಸೋಮವಾರವೂ ಸಿಗದು. ಪ್ರವಾಸಿಗರಿಂದ ಊರಿಗೆ ಆದಾಯವಿದೆ, ಹೋಟೆಲು ಹೋಂಸ್ಟೇಗಳಿಗೆ ವ್ಯಾಪಾರವಿದೆ. ಆ ಆದಾಯದ ಊರು ತನ್ನ ಪೌರಕಾರ್ಮಿಕರ ಸಂಖ್ಯೆ ಎಣಿಸುವಾಗ ಪ್ರವಾಸಿಗರನ್ನೂ ಎಣಿಸಬೇಕು.

ಹಣ ಎಲ್ಲಿದೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾನು ಆ ಮೇಜಿನಲ್ಲಿ ಕೂತವನು, ನನಗೂ ಗೊತ್ತು. ಸಣ್ಣ ಊರಿನ ನಗರಸಭೆಯ ಸ್ವಂತ ಆದಾಯ ಎಂದರೆ ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆಗಳ ಬಾಡಿಗೆ. ಖಾಯಂ ನೌಕರರ ಸಂಬಳಕ್ಕೆ ರಾಜ್ಯದ ಅನುದಾನ ಬರುತ್ತದೆ. ಹೊರಗುತ್ತಿಗೆಯ ಭಾರ ಸ್ವಂತ ನಿಧಿಯ ಮೇಲೆ ಬೀಳುತ್ತದೆ. ಹಾಗಾಗಿ ಇವರನ್ನು ನೇರ ಪಾವತಿಗೆ ತೆಗೆದುಕೊಳ್ಳಿ ಎಂದು ಹೇಳುವಾಗ ರಾಜ್ಯ ಸರ್ಕಾರವೂ ಹಣ ಕೊಡಬೇಕು. ಆದರೆ ನಾನು ಹೇಳಿದ ಇತರ ಷರತ್ತುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಹಣ ಬೇಕಿಲ್ಲ. ಸಂಬಳದ ತಾರೀಕಿಗೆ ಒಂದು ಪೈಸೆಯೂ ಬೇಕಿಲ್ಲ. ಒಪ್ಪಂದದ ಕನ್ನಡ ಪ್ರತಿಯನ್ನು ಹಾಜರಿ ತೆಗೆದುಕೊಳ್ಳುವ ಜಾಗದಲ್ಲಿ ಅಂಟಿಸಲು ಖರ್ಚಿಲ್ಲ. ಓದಲು ಬಾರದವರಿಗೆ ಅದನ್ನು ಓದಿ ಹೇಳಲು ಅರ್ಧ ಗಂಟೆ ಸಾಕು.

ಕೊನೆಯದಾಗಿ ಸಹಿಯ ವಿಷಯ. ಪುರಸಭೆ, ನಗರಸಭೆಗಳ ಕಾರ್ಮಿಕರಿಗೂ ಕೈಗಾರಿಕಾ ವಿವಾದ ಕಾನೂನಿನ ರಕ್ಷಣೆ ಸಿಗಬಹುದು ಎಂದು ಸುಪ್ರೀಂ ಕೋರ್ಟು 1952ರಷ್ಟು ಹಿಂದೆಯೇ ಬಂಗಾಳದ ಒಂದು ಪುರಸಭೆಯ ಪ್ರಕರಣದಲ್ಲಿ ಒಪ್ಪಿತ್ತು. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ 7 ನ್ಯಾಯಮೂರ್ತಿಗಳ ಪೀಠ ಅದನ್ನು ಇನ್ನಷ್ಟು ವಿಸ್ತರಿಸಿತು. ಅಂದರೆ ಕಾರ್ಮಿಕರ ಪ್ರತಿನಿಧಿಗಳನ್ನು ಕರೆದು, ಕಾರ್ಮಿಕ ಅಧಿಕಾರಿಯ ಸಮ್ಮುಖದಲ್ಲಿ ಕೂತು, ಮೂರು ಕಡೆಯವರ ಸಹಿಯಿರುವ ಒಪ್ಪಂದ ಮಾಡುವುದಕ್ಕೆ ದಾರಿ ಇದೆ. ತೋಟಗಳಿಗೆ, ಕಾರ್ಖಾನೆಗಳಿಗೆ ಗೊತ್ತಿರುವ ದಾರಿ ಅದು.

ನಗರಸಭೆ, ಪುರಸಭೆಗಳು ಪ್ರತಿ ವರ್ಷ ಬಜೆಟ್‌ಗೆ ಮೊದಲು ಸಾರ್ವಜನಿಕರ ಸಲಹೆ ಕೇಳಲು ಪೂರ್ವಭಾವಿ ಸಭೆ ಕರೆಯುತ್ತವೆ. ಯಾರು ಬೇಕಾದರೂ ಹೋಗಬಹುದು. ಹೋಗಿ. ನೈರ್ಮಲ್ಯದ ಗುತ್ತಿಗೆಯ ಷರತ್ತುಗಳನ್ನು ಓದಿ ಹೇಳಿ ಎಂದು ಕೇಳಿ. ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಒಪ್ಪಂದದ ಪ್ರತಿಗೆ ಅರ್ಜಿ ಕೊಡಿ. ಕಳೆದ ಮೂರು ತಿಂಗಳ ಪಿಎಫ್ ಚಲನ್ ಕೂಡ ಕೇಳಿ. ಮತ್ತು ಆ ಸಭೆಗೆ ನಿಮ್ಮ ಬೀದಿ ಗುಡಿಸುವವರನ್ನು, ನಿಮ್ಮ ಕಸದ ಗಾಡಿಯ ಚಾಲಕರನ್ನು ಜೊತೆಗೆ ಕರೆದುಕೊಂಡು ಹೋಗಿ. ಸಭೆಗಳು ಸಾಮಾನ್ಯವಾಗಿ ಹನ್ನೊಂದು ಗಂಟೆಗೆ ಶುರುವಾಗುತ್ತವೆ. ಆ ಹೊತ್ತಿಗೆ ಅವರ ಬೆಳಗಿನ ಪಾಳಿಯ ಮೊದಲ ಸುತ್ತು ಮುಗಿದಿರುತ್ತದೆ. ಕೂರಲು ಕುರ್ಚಿ ಕೊಡಿಸಿ, ಮಾತಾಡಲು ಮೈಕು ಅವರ ಕೈಗೆ ಕೊಡಿಸಿ. ಸಂಬಳದ ತಾರೀಕು, ಮಳೆಯಂಗಿಯ ಅಳತೆ ಇವೆರಡನ್ನೂ ಅವರೇ ಹೇಳಲಿ, ನಡವಳಿ ಪುಸ್ತಕದಲ್ಲಿ ಅದು ದಾಖಲಾಗಲಿ.